ಇಬ್ಬರು ಕೂತರೆ ಒಂದು ಸಭೆ

ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಮದ್ಯಪಾನದ ಮಾತು ಬಂದಾಗಲೆಲ್ಲ ಎರಡು ಪಕ್ಷಗಳು ಏಳುತ್ತವೆ. ಸರಕಾರವು ಅಂಗಡಿಗಳನ್ನು ಮುಚ್ಚಿಸಬೇಕೆಂಬುದು ಒಂದು ಪಕ್ಷ. ಕುಡಿಯುವವನೇ ಮನಸ್ಸು ಗಟ್ಟಿಮಾಡಬೇಕೆಂಬುದು ಮತ್ತೊಂದು. ನಾನೂ ಎರಡನೆಯ ಪಕ್ಷ ಹಿಡಿದು ಮಾತನಾಡಿ ಬಹುಮಾನ ಪಡೆದವನೇ. ಆದರೆ ಕಳೆದ ವರ್ಷ ನನ್ನ ಸೋದರಮಾವನಿಗಾಗಿ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಡುವೆ ಅಲೆದ ಮೇಲೆ ಆ ಬಹುಮಾನವನ್ನು ನೆನೆದರೆ ನಾಚಿಕೆಯಾಗುತ್ತದೆ.

ಮಾವನದು ಸಿರುಗುಪ್ಪದ ಬಳಿ ಭತ್ತದ ಗದ್ದೆ. ಕುಡಿತವು ಮೊದಲು ಸುಗ್ಗಿಯ ಸಂತೋಷಕ್ಕೆಂದು ಬಂದಿತು, ಅನಂತರ ಸಾಲದ ಚಿಂತೆಗೆಂದು. ಕೊನೆಗೆ ಅದಕ್ಕೆ ನೆಪವೇ ಬೇಡವಾಯಿತು. ಅವನು ಮನಸ್ಸು ಗಟ್ಟಿಮಾಡಲಿಲ್ಲವೆಂದು ನಾನು ಹೇಳಲಾರೆ. ಮಗಳ ತಲೆ ಮುಟ್ಟಿ ಆಣೆಯಿಟ್ಟು ಒಮ್ಮೆಲೇ ಬಿಟ್ಟನು. ಮೂರನೆಯ ದಿನ ಕೈಕಾಲು ನಡುಗಿ, ಇಲ್ಲದ್ದನ್ನು ಕಂಡು ಕೂಗತೊಡಗಿದಾಗ ಬಳ್ಳಾರಿಯ ಆಸ್ಪತ್ರೆಗೆ ಹೊತ್ತು ತಂದೆವು. ಬಹುಕಾಲ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಸನ್ನಿಯೂ ಸೆಳವೂ ಬಂದು ಪ್ರಾಣಕ್ಕೇ ಅಪಾಯವಾಗಬಹುದೆಂದೂ, ವೈದ್ಯರ ಕಣ್ಗಾವಲಿನಲ್ಲಿಯೇ ಬಿಡಬೇಕೆಂದೂ ಅಂದು ಕಲಿತೆವು. ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದರು: “ಔಷಧಿಯ ಕೆಲಸ ಬಹುಮಟ್ಟಿಗೆ ಮುಗಿಯಿತು. ಇನ್ನು ಇವರಿಗೆ ಬೇಕಾದದ್ದು ಜೊತೆ. ಕುಡಿತ ಬಿಟ್ಟವರ ಸಭೆ ಎಲ್ಲಾದರೂ ಇದ್ದರೆ ಹುಡುಕಿ.”

ಹುಡುಕುವುದೆಲ್ಲಿ? ಮದ್ಯದಂಗಡಿಯ ದಾರಿಯನ್ನು ಸಣ್ಣ ಹುಡುಗನೂ ತೋರಿಸುತ್ತಾನೆ; ಬಿಟ್ಟವರ ಸಭೆಯ ದಾರಿ ನಾವು ಕೇಳಿದವರಲ್ಲಿ ಒಬ್ಬರಿಗೂ ತಿಳಿಯದು. ಕೇಳುವುದಕ್ಕೂ ಸಂಕೋಚ. “ಯಾರಿಗಪ್ಪಾ?” ಎಂದರೆ ಮನೆತನದ ಮಾನದ ಪ್ರಶ್ನೆ! “ಸ್ನೇಹಿತನ ಬಂಧುವಿಗೆ” ಎಂದು ಸುಳ್ಳು ಹೇಳುತ್ತಿದ್ದೆ. ಬಳ್ಳಾರಿಯಲ್ಲಿ ಸಿಕ್ಕಿದ ಒಂದು ವಿಳಾಸಕ್ಕೆ ಹೋದರೆ ಬಾಗಿಲಿಗೆ ಬೀಗ. ಸಭೆ ಸಿಕ್ಕಿದರೂ ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಕೆಲಸ ಬಿಟ್ಟು ಪ್ರತಿ ವಾರ ಬರುವ ರೈತರೆಷ್ಟು ಜನ?

ಆ ದಿನಗಳಲ್ಲಿಯೇ ನಾನು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಚರಿತ್ರೆಯನ್ನು ಓದಿದ್ದು. 1935ರ ಮೇ ತಿಂಗಳು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬಾತ ವ್ಯವಹಾರ ಕೆಟ್ಟು ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ ಒಂಟಿಯಾಗಿದ್ದನು. ಒಂದು ಕಡೆ ಪಾನಗೃಹ, ಇನ್ನೊಂದು ಕಡೆ ಟೆಲಿಫೋನು. ಆತನು ಟೆಲಿಫೋನನ್ನು ಹಿಡಿದು, ತಾನು ಮಾತನಾಡಬಹುದಾದ ಇನ್ನೊಬ್ಬ ಕುಡುಕನಿಗಾಗಿ ಊರಿನ ಪಾದ್ರಿಗಳಲ್ಲಿ ವಿಚಾರಿಸಿದನು. ಹಾಗೆ ದೊರೆತವನು ಡಾಕ್ಟರ್ ಸ್ಮಿತ್. ಜೂನ್ 10, ಸ್ಮಿತ್ ಕಡೆಯ ಬಾರಿ ಕುಡಿದ ದಿನವೇ, ಸಂಘದ ಜನ್ಮದಿನವಾಯಿತು. ಅಲ್ಲಿ ಶುಲ್ಕವಿಲ್ಲ; ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಬಂದವರ ಹೆಸರನ್ನು ಹೊರಗೆ ಆಡುವಂತಿಲ್ಲ. ನಮ್ಮ ನಾಡಿನಲ್ಲಿಯೂ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಒಮ್ಮೆ ಬಿಟ್ಟವನನ್ನು ಬಿಟ್ಟವನಾಗಿಯೇ ಉಳಿಸಲು ಇನ್ನೊಬ್ಬನು ಬೇಕೆಂಬ ತತ್ತ್ವ ಎರಡರಲ್ಲಿಯೂ ಒಂದೇ.

ಈ ಕಥೆಯನ್ನು ಮಾವನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಒಬ್ಬ ಸಿಕ್ಕರೆ ಸಾಕಲ್ಲ?” ಎಂದನು. ನಾಚಿಕೆ ಬಿಟ್ಟು ನೆಂಟರಲ್ಲಿ ವಿಚಾರಿಸಿದೆವು. ಕುರುಗೋಡಿನಲ್ಲಿ, ಶಿಬಿರದಿಂದ ಬಂದು ನಾಲ್ಕು ವರ್ಷ ಮುಟ್ಟದಿದ್ದ ಒಬ್ಬರಿದ್ದರು. ದೊಡ್ಡಬಸವೇಶ್ವರನ ಗುಡಿಯ ಬಳಿ ಇಬ್ಬರೂ ಕೂತರು. ನಾನು ದೂರ ನಿಂತೆ. ನಾವು ವರ್ಷಗಟ್ಟಲೆ ಬುದ್ಧಿ ಹೇಳಿದಾಗ ತಲೆ ತಗ್ಗಿಸಿದ್ದ ಮಾವ, ಅಂದು ತಲೆಯೆತ್ತಿ ಮಾತನಾಡಿದ್ದನ್ನು ಕಂಡೆ. ನಡುವೆ ಒಮ್ಮೆ ಜಾರಿದನು. ಮರುದಿನ ತಾನೇ ಬಸ್ಸು ಹತ್ತಿ ಕುರುಗೋಡಿಗೆ ಹೋದನು. ಈಗ ಅಲ್ಲಿ ಕೂಡುವವರು ನಾಲ್ವರು.

ಅಂಗಡಿ ಮುಚ್ಚಿಸುವುದು ಬೇಡವೆಂದು ನನ್ನ ವಾದವಲ್ಲ. 1948ರ ಹೊತ್ತಿಗೆ ಮದ್ರಾಸು ಪ್ರಾಂತಕ್ಕೆಲ್ಲ ಪಾನನಿರೋಧ ಬಂದಾಗ ಅದರಲ್ಲಿ ಸೇರಿದ್ದ ನಮ್ಮ ಜಿಲ್ಲೆಯೂ ಅದನ್ನು ಕಂಡಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕಾನೂನು ಅಂಗಡಿಯ ಬಾಗಿಲು ಹಾಕೀತು. ಬಿಟ್ಟವನ ಪಕ್ಕದಲ್ಲಿ ಸಂಜೆ ಆರು ಗಂಟೆಗೆ ಕೂರಲಾರದು. ಆ ಕೆಲಸ ಮನುಷ್ಯನದೇ.

ಆದುದರಿಂದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ಭಾನುವಾರ ಸಂಜೆ ನಮ್ಮ ಕಾಲೇಜಿನ ಕೊಠಡಿಗಳೆಲ್ಲ ಖಾಲಿ. ಅವುಗಳಲ್ಲೊಂದನ್ನು ಒಂದು ಗಂಟೆ ಇಂಥವರಿಗೆ ಬಿಟ್ಟುಕೊಡಬಾರದೇಕೆ? ಮದ್ಯ ಮತ್ತು ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416—ಈ ಎರಡು ಸಂಖ್ಯೆಗಳನ್ನು ಸೂಚನಾ ಫಲಕದ ಮೂಲೆಯಲ್ಲಿ ಬರೆದಿಡಬಾರದೇಕೆ? ಸಿರುಗುಪ್ಪ, ಕುರುಗೋಡುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮೂರಿನಲ್ಲಿ ಇಂಥ ಸಭೆ ಎಲ್ಲಿದೆಯೆಂದು ತಿಳಿದು ಬಂದರೆ, ಅದನ್ನು ಕೇಳುವ ಧೈರ್ಯವಿಲ್ಲದವನೂ ಫಲಕವನ್ನು ಓದಿಕೊಂಡು ಹೋಗುತ್ತಾನೆ. ಅಂಥವನು ನಮ್ಮ ತರಗತಿಯಲ್ಲಿಯೇ, ನಮ್ಮ ಬೆಂಚಿನಲ್ಲಿಯೇ ಇರಬಹುದು. ಒಂದು ವರ್ಷದ ಹಿಂದೆ ನಾನಿದ್ದೆ.

—ಅಂತಿಮ ಬಿ.ಎ. ವಿದ್ಯಾರ್ಥಿ