ರೆಂಡಲ್‌ಶಾಮ್ ಕಾಡಿನ ಬೆಳಕಿಗೆ ಯಾವ ವರ್ಷದ ನಕ್ಷೆ?

ಮೊಬೈಲ್ ಹಿಡಿದು ಕುಳಿತಾಗ ಗೂಗಲ್ ಅರ್ತ್‌ನಲ್ಲಿ ಇಂಗ್ಲೆಂಡಿನ ರೆಂಡಲ್‌ಶಾಮ್ ಕಾಡನ್ನು ಹುಡುಕಿ ನೋಡಿ. 1980ರ ಕ್ರಿಸ್ಮಸ್ ಮರುದಿನದ ನಸುಕಿನಲ್ಲಿ ಪಕ್ಕದ ವುಡ್‌ಬ್ರಿಜ್ ವಾಯುನೆಲೆಯ ಅಮೆರಿಕನ್ ಸೈನಿಕರು ಅಲ್ಲಿ ವಿಚಿತ್ರ ಬೆಳಕು ಕಂಡರು. ಮುಂದೆ ಅದು ಹಾರುವ ತಟ್ಟೆಯೆಂದು ಸುದ್ದಿಯಾಯಿತು. ಎರಡು ದಿನ ಬಿಟ್ಟು ನೆಲೆಯ ಉಪ ಕಮಾಂಡರ್ ಚಾರ್ಲ್ಸ್ ಹಾಲ್ಟ್ ಟೇಪ್ ರೆಕಾರ್ಡರ್ ಹಿಡಿದೇ ಕಾಡಿಗೆ ಹೋದರು.

ನೆಲೆಯ ಪೂರ್ವ ಗೇಟಿನಿಂದ ನೇರ ಪೂರ್ವಕ್ಕೆ ಗೆರೆ ಎಳೆಯಿರಿ. ಅದು ಕಾಡು ದಾಟಿ ಕಡಲ ತೀರದ ಆರ್ಫರ್ಡ್‌ನೆಸ್‌ ಕಡೆಗೆ ಹೋಗುತ್ತದೆ. ಅಲ್ಲಿ ಐದು ಸೆಕೆಂಡಿಗೊಮ್ಮೆ ಮಿನುಗುವ ಲೈಟ್‌ಹೌಸ್ ಇತ್ತು. ಟೇಪಿನಲ್ಲಿ 'ಮತ್ತೆ ಕಂಡಿತು' ಎಂದು ಹೇಳುವ ಅಂತರವೂ ಅಷ್ಟೇ ಎಂದು ಖಗೋಳ ಲೇಖಕ ಇಯಾನ್ ರಿಡ್‌ಪಾತ್ ತೋರಿಸಿದ್ದಾರೆ.

ಆದರೆ ಇಂದಿನ ಉಪಗ್ರಹ ಚಿತ್ರದಲ್ಲಿ ಲೈಟ್‌ಹೌಸೇ ಇಲ್ಲ! 2013ರಲ್ಲಿ ಅದರ ದೀಪ ಆರಿಸಿದರು, 2020ರಲ್ಲಿ ಕೆಡವಿದರು. ಅಂದಿನ ಮರಗಳಲ್ಲಿ ಬಹುಪಾಲು 1987ರ ಬಿರುಗಾಳಿಗೆ ಉರುಳಿದವು. ಹಳೆಯ ನಕ್ಷೆ ನೋಡದೆ 'ಇಲ್ಲಿ ಬೆಳಕಿಗೆ ಕಾರಣವೇ ಇರಲಿಲ್ಲ' ಎನ್ನುವುದು ಆತುರ.

ಸೈನಿಕರು ಸುಳ್ಳರು ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಕತ್ತಲಲ್ಲಿ ಮರಗಳ ಸಂದಿಯಲ್ಲಿ ನಡೆಯುವಾಗ ದೂರದ ದೀಪ ನಮ್ಮ ಜೊತೆಗೇ ಸರಿದಂತೆ ಕಾಣುತ್ತದೆ. ಹಾಲ್ಟ್ ಮಾತ್ರ ಈ ವಿವರಣೆ ಒಪ್ಪಿಲ್ಲ; ಲೈಟ್‌ಹೌಸ್ ಬೇರೆ ದಿಕ್ಕಿನಲ್ಲಿತ್ತು ಎನ್ನುತ್ತಾರೆ. ಅದನ್ನೂ ಆ ಕಾಲದ ನಕ್ಷೆಯ ಮೇಲೆ ಗೆರೆ ಎಳೆದೇ ನೋಡಬಹುದು.