ಹನ್ನೆರಡು ಅಂಗಿಗಳ ಆಟಗಾರ

ಪಂದ್ಯವನ್ನು ನೋಡಿ ಮನೆಗೆ ಮರಳುವ ಪ್ರೇಕ್ಷಕನ ನಾಲಗೆಯ ಮೇಲೆ ಸಾಮಾನ್ಯವಾಗಿ ಒಂದೆರಡು ಹೆಸರುಗಳು ಮಾತ್ರ ಉಳಿದಿರುತ್ತವೆ. ಹೆಚ್ಚು ಅಂಕಗಳನ್ನು ಗಳಿಸಿದವನು ಯಾರು, ಕೊನೆಯ ಗಳಿಗೆಯಲ್ಲಿ ಚೆಂಡನ್ನು ಬುಟ್ಟಿಗೆ ಸೇರಿಸಿದವನು ಯಾರು ಎಂಬುದು ಅವನಿಗೆ ನೆನಪಿರುತ್ತದೆ. ಹಾಗೆ ಸೇರಿಸುವುದಕ್ಕೆ ದಾರಿ ಬಿಡಿಸಿಕೊಟ್ಟವನು ಯಾರು ಎಂಬುದು ನೆನಪಿರುವುದಿಲ್ಲ. ದೇಗುಲವನ್ನು ದೂರದಿಂದ ಕಂಡವನಿಗೆ ಕಳಶ ಕಾಣುತ್ತದೆ, ಅಡಿಗಲ್ಲು ಕಾಣುವುದಿಲ್ಲ. ಹೀಗೆ ಹೆಚ್ಚಾಗಿ ಕಣ್ಣಿಗೆ ಬೀಳದೆ ದುಡಿದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ವೃತ್ತಿಜೀವನವನ್ನು ಮುಂದಿಟ್ಟುಕೊಂಡು, ಮನುಷ್ಯರನ್ನು ನಾವು ಅಳೆಯುವ ಅಳತೆಗೋಲು ಸರಿಯೇ ಎಂದು ಇಲ್ಲಿ ವಿಚಾರ ಮಾಡೋಣ.

ಆತನ ಹೆಸರು ಟೋನಿ ಮ್ಯಾಸೆನ್‌ಬರ್ಗ್. ಅಮೆರಿಕದ ವರ್ಜೀನಿಯ ರಾಜ್ಯದ ಸಸೆಕ್ಸ್‌ನಲ್ಲಿ 1967ರಲ್ಲಿ ಹುಟ್ಟಿದವನು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, 1990ರಲ್ಲಿ ಎನ್.ಬಿ.ಎ. ಎಂಬ ವೃತ್ತಿಪರ ಲೀಗನ್ನು ಪ್ರವೇಶಿಸಿದನು. ಈ ಲೀಗಿನ ತಂಡಗಳು ಪ್ರತಿವರ್ಷವೂ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹೆಚ್ಚಿನ ಭರವಸೆ ಹುಟ್ಟಿಸಿದವರ ಹೆಸರು ಮೊದಲು ಬರುತ್ತದೆ. ಆ ವರ್ಷ ಆಯ್ಕೆಯಾದ 54 ಮಂದಿಯಲ್ಲಿ ಮ್ಯಾಸೆನ್‌ಬರ್ಗ್ 43ನೆಯವನು. ಅವನನ್ನು ಆರಿಸಿಕೊಂಡದ್ದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ. ಅಲ್ಲಿ ಡೇವಿಡ್ ರಾಬಿನ್ಸನ್ ಎಂಬ ಪ್ರಖ್ಯಾತ ಸೆಂಟರ್ ಆಗಲೇ ಇದ್ದನು. ಹೊಸಬನ ಪಾಲಿಗೆ ಬಂದದ್ದು ಹೆಚ್ಚಾಗಿ ಅಂಗಳದ ಅಂಚಿನ ಬೆಂಚು.

ಸೆಂಟರ್ ಎಂದರೆ ಬುಟ್ಟಿಗೆ ಅತಿ ಸಮೀಪದಲ್ಲಿ ನಿಂತು ಆಡುವ ಆಟಗಾರ. ಗುರಿ ತಪ್ಪಿ ಪುಟಿದು ಬಂದ ಚೆಂಡನ್ನು ಎಗರಿ ಹಿಡಿಯುವುದು, ಎದುರಾಳಿಯನ್ನು ಬೆನ್ನಿನಿಂದ ತಡೆದು ಬುಟ್ಟಿಯಿಂದ ದೂರವಿರಿಸುವುದು, ತನ್ನ ಜೊತೆಗಾರನನ್ನು ಬೆನ್ನಟ್ಟಿ ಬರುವವನ ದಾರಿಯಲ್ಲಿ ಕಂಬದಂತೆ ನಿಲ್ಲುವುದು, ಇವು ಅವನ ಕೆಲಸಗಳು. ಇದರಲ್ಲಿ ಮೈಗೆ ಪೆಟ್ಟು ಹೆಚ್ಚು, ಹೆಸರು ಕಡಿಮೆ. ಕಂಬದಂತೆ ನಿಂತವನ ಮರೆಯಲ್ಲಿ ಜೊತೆಗಾರನು ಬುಟ್ಟಿ ತುಂಬಿದರೆ ಅಂಕ ಸೇರುವುದು ಜೊತೆಗಾರನ ಹೆಸರಿಗೇ. ಮ್ಯಾಸೆನ್‌ಬರ್ಗನ ಎತ್ತರ 6 ಅಡಿ 9 ಅಂಗುಲ. ನಮ್ಮ ಕಣ್ಣಿಗೆ ಆತ ದೈತ್ಯ. 7 ಅಡಿ 1 ಅಂಗುಲದ ರಾಬಿನ್ಸನ್ನನ ಪಕ್ಕದಲ್ಲಿ ಗಿಡ್ಡನೇ ಸರಿ. ಆದ್ದರಿಂದ ಆತ ಸೆಂಟರ್ ಸ್ಥಾನದಲ್ಲಿಯೂ ಅದರ ಪಕ್ಕದ ಫಾರ್ವರ್ಡ್ ಸ್ಥಾನದಲ್ಲಿಯೂ, ತಂಡಕ್ಕೆ ಬೇಕಾದಂತೆ, ಆಡಿದನು.

ಇನ್ನು ಆತನ ಅಲೆದಾಟವನ್ನು ನೋಡಿ. 1991–92ರ ಒಂದೇ ಋತುವಿನಲ್ಲಿ ಸ್ಯಾನ್ ಆಂಟೋನಿಯೊ, ಷಾರ್ಲಟ್, ಬಾಸ್ಟನ್, ಗೋಲ್ಡನ್ ಸ್ಟೇಟ್ ಎಂಬ ನಾಲ್ಕು ತಂಡಗಳ ಅಂಗಿಗಳನ್ನು ತೊಟ್ಟನು. ಮುಂದೆ ಅಮೆರಿಕದಲ್ಲಿ ಸ್ಥಾನವಿಲ್ಲದಾಗ ಯುರೋಪಿಗೆ ಹೋಗಿ, ಸ್ಪೇನಿನ ಬಾರ್ಸಿಲೋನ ಮೊದಲಾದ ತಂಡಗಳಲ್ಲಿ ಆಡಿದನು. 1994ರಲ್ಲಿ ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ತಂಡವು ಅವನನ್ನು ಮರಳಿ ಕರೆಯಿತು. ಮರುವರ್ಷ ಕೆನಡದ ಟೊರಾಂಟೊದಲ್ಲಿ ಹೊಸ ತಂಡವೊಂದು ಹುಟ್ಟಿತು. ಹಳೆಯ ತಂಡಗಳು ತಾವು ಬಿಟ್ಟುಕೊಡಲಾರದವರನ್ನು ಕಾಯ್ದಿರಿಸಿಕೊಂಡ ಮೇಲೆ ಉಳಿದವರಲ್ಲಿ ಕೆಲವರನ್ನು ಆ ಹೊಸ ತಂಡವು ಆರಿಸಿಕೊಂಡಿತು, ಮ್ಯಾಸೆನ್‌ಬರ್ಗ್ ಅವರಲ್ಲೊಬ್ಬ. ಆ ಬಳಿಕ ಫಿಲಡೆಲ್ಫಿಯ, ನ್ಯೂಜೆರ್ಸಿ, ವ್ಯಾಂಕೂವರ್, ಹ್ಯೂಸ್ಟನ್, ಯೂಟಾ, ಸ್ಯಾಕ್ರಮೆಂಟೊ. ಒಟ್ಟು 12 ತಂಡಗಳು. ಎನ್.ಬಿ.ಎ.ಯಲ್ಲಿ ಇನ್ನು ಮೂವರಷ್ಟೇ ಈ ಸಂಖ್ಯೆಯನ್ನು ಸರಿಗಟ್ಟಿದ್ದರು. 2022ರಲ್ಲಿ ಇಷ್ ಸ್ಮಿತ್ ಎಂಬಾತ 13ನೆಯ ತಂಡಕ್ಕೆ ಆಡಿ ಇದನ್ನು ಮೀರಿಸಿದನು.

ಈ ಅಲೆದಾಟದಲ್ಲಿ ಒಂದು ಘಟನೆಯನ್ನು ವಿಶೇಷವಾಗಿ ಗಮನಿಸಬೇಕು. 1998–99ರಲ್ಲಿ ವ್ಯಾಂಕೂವರ್ ತಂಡವು 50 ಪಂದ್ಯಗಳಲ್ಲಿ ಗೆದ್ದದ್ದು 8 ಮಾತ್ರ. ಆದರೆ ಅದೇ ವರ್ಷ ಮ್ಯಾಸೆನ್‌ಬರ್ಗ್ ತನ್ನ ಬಾಳಿನ ಅತ್ಯುತ್ತಮ ಆಟವನ್ನಾಡಿ, ಪಂದ್ಯವೊಂದಕ್ಕೆ ಸರಾಸರಿ ಹತ್ತಕ್ಕೂ ಹೆಚ್ಚು ಅಂಕಗಳನ್ನು ಗಳಿಸಿದನು. ಆ ಬೇಸಿಗೆಯಲ್ಲಿ ವ್ಯಾಂಕೂವರ್ ತಂಡವು ಸ್ಟೀವ್ ಫ್ರಾನ್ಸಿಸ್ ಎಂಬ ತರುಣ ಪ್ರತಿಭಾವಂತನನ್ನು ಆರಿಸಿಕೊಂಡಿತು. ಫ್ರಾನ್ಸಿಸ್ ಅಲ್ಲಿ ಆಡಲು ಒಪ್ಪಲಿಲ್ಲ. ಅವನ ಹಠವನ್ನು ನೆರವೇರಿಸಲು ಮೂರು ತಂಡಗಳ ನಡುವೆ 11 ಆಟಗಾರರ ವಿನಿಮಯ ನಡೆಯಿತು. ಫ್ರಾನ್ಸಿಸ್ಸನೊಡನೆ ಮ್ಯಾಸೆನ್‌ಬರ್ಗನೂ ಹ್ಯೂಸ್ಟನ್ನಿಗೆ ಹೋಗಬೇಕಾಯಿತು. ಪ್ರತಿಭಾವಂತನು 'ಒಲ್ಲೆ' ಎಂದರೆ ಲೀಗೇ ಅಲುಗಾಡುತ್ತದೆ; ಸಾಮಾನ್ಯ ಆಟಗಾರನಾದರೋ ಹೇಳಿದ ಊರಿಗೆ ಪೆಟ್ಟಿಗೆ ಕಟ್ಟಬೇಕು. ವರ್ಷ ಕಳೆಯುವಷ್ಟರಲ್ಲಿ ಆತ ಮತ್ತೆ ವ್ಯಾಂಕೂವರಿಗೆ ಬಂದನು. 2001ರಲ್ಲಿ ಆ ತಂಡವೇ ಊರು ಬಿಟ್ಟು ಅಮೆರಿಕದ ಮೆಂಫಿಸ್ ನಗರಕ್ಕೆ ಸ್ಥಳಾಂತರಗೊಂಡಿತು!

"ಆತ ನಿಜವಾಗಿ ಸಮರ್ಥನಾಗಿದ್ದರೆ ಇಷ್ಟು ತಂಡಗಳು ಏಕೆ ಬಿಟ್ಟುಕೊಡುತ್ತಿದ್ದವು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮ್ಯಾಸೆನ್‌ಬರ್ಗ್ ಮಹಾನ್ ಆಟಗಾರನಲ್ಲ. ಹಾಗೆಂದು ಸಾಧಿಸುವುದು ನನ್ನ ಉದ್ದೇಶವೂ ಅಲ್ಲ. ಆತ ಮರುಕಕ್ಕೆ ಪಾತ್ರನೂ ಅಲ್ಲ. ಆ ಲೀಗಿನ ಸಾಮಾನ್ಯ ಆಟಗಾರನಿಗೂ ದೊರೆಯುವ ಸಂಬಳ ಸಣ್ಣದಲ್ಲ. ಆದರೆ ಪ್ರಶ್ನೆಗೆ ಇನ್ನೊಂದು ಮುಖವಿದೆ. ಹಲವು ತಂಡಗಳು ಅವನನ್ನು ಬಿಟ್ಟುಕೊಟ್ಟವು ಎಂದು ಎಣಿಸುವ ನಾವು, ಹನ್ನೆರಡು ತಂಡಗಳು ಅವನನ್ನು ಬರಮಾಡಿಕೊಂಡವು ಎಂಬುದನ್ನು ಏಕೆ ಎಣಿಸುವುದಿಲ್ಲ? ಇಡೀ ಲೀಗಿನಲ್ಲಿರುವ ಸ್ಥಾನಗಳು ಕೆಲವು ನೂರು ಮಾತ್ರ. ಪ್ರತಿವರ್ಷವೂ ಇಪ್ಪತ್ತರ ಹರೆಯದ ಹೊಸಬರು ಬಾಗಿಲಲ್ಲಿ ಕಾದು ನಿಂತಿರುತ್ತಾರೆ. ಅಂಥಲ್ಲಿ ಯಾರೂ ಒಬ್ಬನನ್ನು ಕನಿಕರದಿಂದ ಕರೆಯುವುದಿಲ್ಲ. ಕರೆಯುವುದು ಅವನಿಂದ ಕೆಲಸವಾಗುತ್ತದೆ ಎಂಬ ನಂಬಿಕೆಯಿಂದ.

ಆ ನಂಬಿಕೆಯನ್ನು ಗಳಿಸುವುದು ಸುಲಭವಲ್ಲ. ಪ್ರತಿಯೊಂದು ತಂಡಕ್ಕೂ ತನ್ನದೇ ಆದ ವ್ಯೂಹಗಳು, ಸಂಕೇತಗಳು, ತರಬೇತುದಾರನ ರೀತಿನೀತಿಗಳು ಇರುತ್ತವೆ. ಋತುವಿನ ನಡುವೆ ಬಂದು ಸೇರಿದವನು ಅವುಗಳನ್ನು ಕೆಲವೇ ದಿನಗಳಲ್ಲಿ ಕಲಿಯಬೇಕು. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರೊಡನೆ ಇಂದು ಹೊಂದಿಕೊಳ್ಳಬೇಕು. ಐದು ನಿಮಿಷ ಆಡಿಸಿದರೂ ಸರಿ, ಆಡಿಸದಿದ್ದರೂ ಸರಿ, ದೇಹವನ್ನು ಹುರಿಗೊಳಿಸಿಕೊಂಡು ಸಿದ್ಧನಾಗಿರಬೇಕು. ಹಲವು ಊರುಗಳ ನೀರು ಕುಡಿದ ಮ್ಯಾಸೆನ್‌ಬರ್ಗ್ ಈ ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದನೆಂದೇ ಹೇಳಬೇಕು. ಮನುಷ್ಯರನ್ನು ಸರಕಿನಂತೆ ಊರಿಂದೂರಿಗೆ ಸಾಗಿಸುವ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಅದರೊಳಗೂ ಸರಕಾಗದೆ ಉಳಿದ ಮನುಷ್ಯನನ್ನು ಹೊಗಳದೆ ಇರಲಾರೆ.

2004ರಲ್ಲಿ, ಹೊರಟ ಊರಾದ ಸ್ಯಾನ್ ಆಂಟೋನಿಯೊಗೆ ಆತ ಹಿಂದಿರುಗಿದನು. ರಾಬಿನ್ಸನ್ ನಿವೃತ್ತನಾಗಿದ್ದನು, ಈಗ ತಂಡದ ಆಧಾರಸ್ತಂಭ ಟಿಮ್ ಡಂಕನ್. ಮ್ಯಾಸೆನ್‌ಬರ್ಗನ ಸ್ಥಾನ ಎಂದಿನಂತೆ ಬೆಂಚು. 2005ರ ಜೂನ್ ತಿಂಗಳಿನಲ್ಲಿ ಆ ತಂಡವು ಡೆಟ್ರಾಯಿಟ್ ತಂಡವನ್ನು ನಾಲ್ಕು ಪಂದ್ಯಗಳಿಗೆ ಮೂರರಂತೆ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ತನ್ನ 37ನೆಯ ವಯಸ್ಸಿನಲ್ಲಿ, ಎನ್.ಬಿ.ಎ.ಯಲ್ಲಿ ಆಡಿದ ಕಡೆಯ ಋತುವಿನಲ್ಲಿ, ಆತ ಮೊದಲ ಬಾರಿಗೆ ಆ ಲೀಗಿನ ಚಾಂಪಿಯನ್ ತಂಡದ ಸದಸ್ಯನೆನಿಸಿದನು. ಅಂತಿಮ ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಡಂಕನ್ನನಿಗೆ ಸಂದಿತು; ಅದು ಯೋಗ್ಯವೇ ಆಗಿತ್ತು. ಆದರೆ 82 ಪಂದ್ಯಗಳ ದೀರ್ಘ ಋತುವಿನಲ್ಲಿ ಡಂಕನ್ನನಂಥವರೂ ದಣಿಯುತ್ತಾರೆ, ಗಾಯಗೊಳ್ಳುತ್ತಾರೆ. ಆಗ ಬೆಂಚಿನಿಂದೆದ್ದು ಬಂದು ಅವರ ಜಾಗವನ್ನು ಕಾಯುವವರಿಲ್ಲದೆ ಯಾವ ತಂಡವೂ ಪ್ರಶಸ್ತಿಯ ಹತ್ತಿರ ಸುಳಿಯಲಾರದು.

ಈ ಗೆಲುವು ದೊರೆಯದೆ ಹೋಗಿದ್ದರೂ ನನ್ನ ಅಭಿಪ್ರಾಯ ಬದಲಾಗುತ್ತಿರಲಿಲ್ಲ. ಕೊನೆಗೆ ಪ್ರಶಸ್ತಿ ಬಂದದ್ದರಿಂದ ಆತನ ಹಿಂದಿನ ವರ್ಷಗಳು ಬೆಲೆಯುಳ್ಳವಾದುವು ಎಂದರೆ, ನಾವು ಮತ್ತೆ ಕಳಶವನ್ನೇ ನೋಡಿದಂತಾಗುತ್ತದೆ. 8 ಪಂದ್ಯಗಳನ್ನಷ್ಟೇ ಗೆದ್ದ ವ್ಯಾಂಕೂವರ್ ತಂಡದಲ್ಲಿ ಆತ ಹಿಡಿದ ಚೆಂಡಿಗೂ ಅಷ್ಟೇ ಬೆಲೆಯಿದೆ.

ತರಗತಿಯಲ್ಲಿ ಮೊದಲನೆಯ ಸ್ಥಾನ ಒಂದೇ ಇರುತ್ತದೆ, ಉಳಿದವರೆಲ್ಲ ಸೋತವರಲ್ಲ. ನಮ್ಮಲ್ಲಿ ಬಹುಮಂದಿ 43ನೆಯವರಾಗಿಯೇ ಬಾಳಬೇಕಾದವರು. ಮುಂದೆ ನೀವು ಬಾಸ್ಕೆಟ್‌ಬಾಲ್ ಪಂದ್ಯವನ್ನು ನೋಡುವಾಗ ಐದು ನಿಮಿಷ ಚೆಂಡಿನಿಂದ ಕಣ್ಣು ತೆಗೆದು, ಬುಟ್ಟಿಯ ಕೆಳಗೆ ತಳ್ಳಾಟದ ನಡುವೆ ನಿಂತ ಆಟಗಾರನನ್ನು ನೋಡಿ. ಆಟ ನಿಮಗೆ ಬೇರೆಯಾಗಿಯೇ ಕಂಡೀತು.