ಸಾಲ ತೀರಿದರೂ ತೀರದ ವಿಮೆ

ಗೃಹಸಾಲದ ಕೊನೆಯ ಕಂತು ಕಟ್ಟಿ ನೆಮ್ಮದಿಯ ಉಸಿರು ಬಿಟ್ಟವರು ಪಾಸ್‌ಬುಕ್ಕನ್ನು ಮತ್ತೊಮ್ಮೆ ಪರಿಶೀಲಿಸುವುದು ಲೇಸು. ಸಾಲದ ಭದ್ರತೆಗೆಂದು ಮಾಡಿಸಿದ ವಿಮೆಯ ಕಂತು, ಎಂದೋ ಸಹಿ ಹಾಕಿಕೊಟ್ಟ ಅನುಮತಿಯ ಬಲದಿಂದ ಪ್ರತಿವರ್ಷವೂ ಕಡಿತವಾಗುತ್ತಿರಬಹುದು. ಮನೆಯ ಅಗ್ನಿವಿಮೆಯನ್ನು ಮುಂದುವರಿಸುವುದರಲ್ಲಿ ಅರ್ಥವಿದೆ. ಇಲ್ಲದ ಸಾಲಕ್ಕೆ ರಕ್ಷಣೆ ಏತಕ್ಕೆ?

ಮೊತ್ತ ಅಲ್ಪವೆಂದು ಉಪೇಕ್ಷಿಸುವಂತಿಲ್ಲ. ಬ್ರಿಟನ್ನಿನಲ್ಲಿ ಸಾಲದೊಡನೆ ಅನುಚಿತವಾಗಿ ಮಾರಿದ ವಿಮೆಗಾಗಿ ಬ್ಯಾಂಕುಗಳು ಗ್ರಾಹಕರಿಗೆ ಮರಳಿಸಿದ ಹಣ 3,800 ಕೋಟಿ ಪೌಂಡುಗಳನ್ನು ಮೀರಿತು.

ತಪ್ಪು ತಿಳಿವಳಿಕೆಯಿಂದ ಸಂದಾಯವಾದ ಹಣವನ್ನು ಪಡೆದವರು ಹಿಂದಿರುಗಿಸಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ. ಋಣಮುಕ್ತಿ ಪತ್ರದ ಪ್ರತಿ ಲಗತ್ತಿಸಿ ಬ್ಯಾಂಕಿಗೂ ವಿಮಾ ಕಂಪನಿಗೂ ಲಿಖಿತವಾಗಿ ಕೋರಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

ಆದರೆ ಹೊಣೆಯೆಲ್ಲ ಗ್ರಾಹಕನದೇ ಆಗಬಾರದು. ಸಾಲ ತೀರಿದ 30 ದಿನಗಳಲ್ಲಿ ಆಸ್ತಿಪತ್ರ ಮರಳಿಸಬೇಕು, ತನ್ನಿಂದ ವಿಳಂಬವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ತೆರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಸಾಲದ ಖಾತೆ ಮುಚ್ಚುವ ದಿನವೇ ವಿಮೆಯ ಲೆಕ್ಕವನ್ನೂ ಗ್ರಾಹಕನ ಮುಂದಿಟ್ಟು ಅವನ ಇಚ್ಛೆ ಕೇಳುವಂತೆ ಅಷ್ಟೇ ಕಟ್ಟುನಿಟ್ಟಿನ ನಿಯಮ ಬರಲಿ.